ಮಾಡೆಲ್ ಟ್ಯಾಂಕಿನ ವಿವರಗಳು ಆ ಕಾಲಕ್ಕೆ ಸರಿಯಿವೆಯೇ ಎಂದು ತಿಳಿಯುವುದು ಹೇಗೆ?

ನಿಮ್ಮ 1:35 ಅಳತೆಯ ಟೈಗರ್ (ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್) ಕಿಟ್‌ನಲ್ಲಿ ರಬ್ಬರ್ ಅಂಚಿನ ಚಕ್ರಗಳೂ ಇವೆ, ಉಕ್ಕಿನ ಅಂಚಿನವೂ ಇವೆ. 1943ರ ಟ್ಯುನೀಷಿಯಾದ ಟ್ಯಾಂಕ್ ಮಾಡಬೇಕು, ಯಾವುದನ್ನು ಹಾಕಲಿ, ಉಳಿದ ವಿವರಗಳನ್ನು ಹೇಗೆ ಪರೀಕ್ಷಿಸಲಿ ಅಂತ ಕೇಳಿದ್ದೀರಿ. ಚಕ್ರದ ವಿಷಯ ಮೊದಲು ಮುಗಿಸುತ್ತೇನೆ: ರಬ್ಬರ್ ಅಂಚಿನವನ್ನೇ ಹಾಕಿ. ಉಕ್ಕಿನವು ಬಂದದ್ದು 1944ರ ಆರಂಭದಲ್ಲಿ. ಅಷ್ಟು ಹೊತ್ತಿಗೆ ಟ್ಯುನೀಷಿಯಾದ ಯುದ್ಧ ಮುಗಿದು ಎಂಟು ತಿಂಗಳ ಮೇಲಾಗಿತ್ತು.

ಇನ್ನು ಪರೀಕ್ಷೆಯ ಮಾತು. "ಟೈಗರ್ ಹೇಗಿತ್ತು?" ಅಂತ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ. 1942ರ ಆಗಸ್ಟ್‌ನಿಂದ 1944ರ ಆಗಸ್ಟ್‌ವರೆಗೆ ಸುಮಾರು 1,350 ಟೈಗರ್‌ಗಳು ತಯಾರಾದವು, ಆ ಎರಡು ವರ್ಷವೂ ಕಾರ್ಖಾನೆ ಒಂದಲ್ಲ ಒಂದನ್ನು ಬದಲಾಯಿಸುತ್ತಲೇ ಇತ್ತು. ಕಮಾಂಡರ್ ತಲೆ ಹೊರಹಾಕುವ ಕ್ಯುಪೋಲಾ ಮೊದಲು ಡ್ರಮ್ಮಿನಂತಿತ್ತು. 1943ರ ಜುಲೈಯಿಂದ ಪೆರಿಸ್ಕೋಪ್‌ಗಳಿದ್ದ ಎರಕದ ಕ್ಯುಪೋಲಾ ಬಂತು. ಹಿಂಭಾಗದಲ್ಲಿದ್ದ ಫೈಫೆಲ್ ಏರ್ ಫಿಲ್ಟರ್‌ಗಳು ಆಮೇಲೆ ಮಾಯವಾದವು. ಆದ್ದರಿಂದ ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ: ಯಾವ ದಳದ, ಯಾವ ನಂಬರಿನ ಟ್ಯಾಂಕ್, ಯಾವ ತಿಂಗಳಲ್ಲಿ?

ತಾರೀಖುಗಳನ್ನು ಬಳಸುವಾಗ ಒಂದು ಸೂಕ್ಷ್ಮ ನೆನಪಿರಲಿ. ಯಾವುದೇ ಭಾಗ ಮೊದಲು ಬಂದ ತಿಂಗಳು ಗಟ್ಟಿ ಗೆರೆ, ಇನ್ನೂ ತಯಾರಾಗದ ಭಾಗ ಟ್ಯಾಂಕಿನ ಮೇಲೆ ಇರಲು ಸಾಧ್ಯವೇ ಇಲ್ಲ. ಆದರೆ ಅದು ನಿಂತುಹೋದ ತಿಂಗಳು ಅಷ್ಟು ಗಟ್ಟಿಯಲ್ಲ. ಉಗ್ರಾಣದಲ್ಲಿ ಉಳಿದ ಹಳೆಯ ಭಾಗಗಳು ಖಾಲಿಯಾಗುವವರೆಗೆ ಬಳಕೆಯಾಗುತ್ತಿದ್ದವು, ಹಳೆಯ ಟ್ಯಾಂಕುಗಳು ದುರಸ್ತಿಗೆ ಬಂದಾಗ ಹೊಸ ಭಾಗಗಳು ಸೇರಿಕೊಳ್ಳುತ್ತಿದ್ದವು. ಹಾಗಾಗಿ ಹಳೆಯ ಹಲ್‌ಗೆ (ಟ್ಯಾಂಕಿನ ಕೆಳಗಿನ ಮೈಗೆ) ಉಕ್ಕಿನ ಚಕ್ರ ಕಂಡ ಮಾತ್ರಕ್ಕೆ ಫೋಟೊ ಸುಳ್ಳು ಅನ್ನಬೇಡಿ. ಆ ಫೋಟೊ ಯಾವಾಗಿನದು ನೋಡಿ.

ಇದನ್ನು ನಾನು ಕಲಿತದ್ದು ರಷ್ಯಾದ ಕುರ್ಸ್ಕ್ ಕದನದ ಟೈಗರ್ ಒಂದನ್ನು ಮಾಡುವಾಗ. ಅಯಸ್ಕಾಂತದ ಮೈನ್‌ಗಳು ಅಂಟದಿರಲಿ ಅಂತ ಜರ್ಮನ್ನರು ಬಳಿಯುತ್ತಿದ್ದ ಝಿಮರಿಟ್ ಲೇಪವನ್ನು ಪುಟ್ಟಿಯಲ್ಲಿ ಮಾಡಿ, ಟರೆಟ್‌ನ (ತೋಪಿರುವ, ತಿರುಗುವ ಮೇಲ್ಭಾಗದ) ಸುತ್ತ ಸಾಲುಸಾಲಾಗಿ ಗೀರು ಎಳೆದು ಎರಡು ವಾರ ಕಳೆದೆ. ಆಮೇಲೆ ತಾರೀಖು ನೋಡಿದೆ. ಕುರ್ಸ್ಕ್ ಶುರುವಾದದ್ದು 1943ರ ಜುಲೈ 5ಕ್ಕೆ. ಕಾರ್ಖಾನೆಯಲ್ಲಿ ಆ ಲೇಪ ಹಚ್ಚತೊಡಗಿದ್ದು ಆ ಬೇಸಿಗೆಯ ಕೊನೆಗೆ, ನಿಲ್ಲಿಸಿದ್ದು 1944ರ ಸೆಪ್ಟೆಂಬರ್‌ನಲ್ಲಿ. ಅಷ್ಟನ್ನೂ ಕೆರೆದು ತೆಗೆದೆ. ಈಗ ಯಾವ ಕಿಟ್ ತೆರೆದರೂ ಮೊದಲು ಒಂದು ಹಾಳೆಯ ಮೇಲೆ ಟ್ಯಾಂಕಿನ ತಿಂಗಳು ಬರೆದು, ಅದರ ಕೆಳಗೆ ಪ್ರತಿಯೊಂದು ಭಾಗ ಬಂದ ತಿಂಗಳು ಬರೆಯುತ್ತೇನೆ. ಅಂಟು ಮುಟ್ಟುವುದು ಆಮೇಲೆ.

ಫೋಟೊ ನೋಡುವುದಕ್ಕೂ ಅಭ್ಯಾಸ ಬೇಕು. ಜರ್ಮನಿಯ ಫೆಡರಲ್ ಆರ್ಕೈವ್ಸ್ 2008ರ ಕೊನೆಯಲ್ಲಿ ಸಾವಿರಾರು ಫೋಟೊಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಕೊಟ್ಟಿತು, ಅಲ್ಲಿಂದ ಶುರುಮಾಡಿ. ಆದರೆ ಕೆಳಗಿನ ಶೀರ್ಷಿಕೆಯನ್ನು ಕಣ್ಣುಮುಚ್ಚಿ ನಂಬಬೇಡಿ, ಹಳೆಯ ಶೀರ್ಷಿಕೆಗಳಲ್ಲಿ ತಪ್ಪುಗಳಿರಬಹುದು ಎಂದು ಆರ್ಕೈವ್ಸ್‌ನವರೇ ಹೇಳುತ್ತಾರೆ. ಚಿತ್ರ ಎಡಬಲ ತಿರುಗಿ ಅಚ್ಚಾಗಿದೆಯೇ ಅಂತಲೂ ನೋಡಬೇಕು. ಜರ್ಮನ್ ಟ್ಯಾಂಕಿನ ಮೇಲಿನ ಶಿಲುಬೆಯ ಗುರುತು ಯಾವ ಕಡೆಯಿಂದ ನೋಡಿದರೂ ಒಂದೇ ಥರ, ಅದರಿಂದ ಗೊತ್ತಾಗುವುದಿಲ್ಲ. ಟೈಗರ್‌ನಲ್ಲಿ ಚಾಲಕ ಎಡಕ್ಕೆ, ಹಲ್‌ನ ಮಷಿನ್ ಗನ್ ಬಲಕ್ಕೆ. ಅಂದರೆ ಎದುರಿಗೆ ನಿಂತು ನೋಡುವವರಿಗೆ ಗನ್ ಎಡಗಡೆ ಕಾಣಬೇಕು.

ಅಳತೆಗೆ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ. ಟೈಗರ್‌ಗೆ ಎರಡು ಬಗೆಯ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಸರಪಳಿ ಪಟ್ಟಿ) ಇತ್ತು: ಯುದ್ಧಕ್ಕೆ 725 ಮಿ.ಮೀ. ಅಗಲದ್ದು, ರೈಲಿನಲ್ಲಿ ಸಾಗಿಸಲು 520 ಮಿ.ಮೀ.ನದು. 35ರಿಂದ ಭಾಗಿಸಿದರೆ ಸುಮಾರು 20.7 ಮತ್ತು 14.9 ಮಿ.ಮೀ. ಕಿರಿದಾದ ಟ್ರ್ಯಾಕ್ ಹಾಕಿದ್ದರೆ ಹೊರಸಾಲಿನ ಚಕ್ರಗಳು ಬಿಚ್ಚಿರಬೇಕು. ಆ ಟ್ರ್ಯಾಕನ್ನು ರಣರಂಗದ ದೃಶ್ಯದಲ್ಲಿಟ್ಟರೆ ನನಗಂತೂ ಕಣ್ಣಿಗೆ ಚುಚ್ಚುತ್ತದೆ.

ಬಣ್ಣ ಎಲ್ಲಕ್ಕಿಂತ ಕಷ್ಟ. ಕಪ್ಪುಬಿಳುಪು ಫೋಟೊದಿಂದ ಬಣ್ಣ ಹೇಳಹೋಗುವುದು ಅಪಾಯ, ಕೆಂಪನ್ನು ಹಿಡಿಯದ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ನಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆ. ಯುದ್ಧದ ಮೊದಲ ತಿಂಗಳುಗಳ ಜರ್ಮನ್ ಟ್ಯಾಂಕುಗಳೆಲ್ಲ ಬರೀ ಗಾಢ ಬೂದು ಅಂತ ಮಾಡೆಲ್ ಮಾಡುವವರು ಬಹುಕಾಲ ನಂಬಿದ್ದರು. ನಿಜವಾಗಿ ಬೂದಿನ ಜೊತೆ ಗಾಢ ಕಂದು ಬಣ್ಣವೂ ಇತ್ತು, ಎರಡಕ್ಕೂ ವ್ಯತ್ಯಾಸ ಎಷ್ಟು ಕಡಿಮೆಯೆಂದರೆ ಫೋಟೊಗಳಲ್ಲಿ ಒಂದೇ ಆಗಿ ಕಾಣುತ್ತಿತ್ತು. ಬಣ್ಣಕ್ಕೆ ಫೋಟೊಗಿಂತ ಆಗಿನ ಲಿಖಿತ ಆದೇಶ ಹೆಚ್ಚು ಆಧಾರ.

ಮ್ಯೂಸಿಯಂ ಟ್ಯಾಂಕುಗಳನ್ನು ನೋಡಿ, ಆದರೆ ಅವುಗಳ ಕಥೆಯನ್ನೂ ಕೇಳಿ. ರಷ್ಯಾದ ಕುಬಿಂಕಾ ಸಂಗ್ರಹದಲ್ಲಿರುವ, ಜರ್ಮನ್ನರ ಮೌಸ್ ಟ್ಯಾಂಕಿನ ಹಲ್ ಒಂದು ಪ್ರೋಟೊಟೈಪ್‌ನದು, ಟರೆಟ್ ಇನ್ನೊಂದರದು. ನಿಮ್ಮ ಅದೃಷ್ಟಕ್ಕೆ ಇಂಗ್ಲೆಂಡಿನ ಬೋವಿಂಗ್ಟನ್ ಮ್ಯೂಸಿಯಂನಲ್ಲಿರುವ ಟೈಗರ್ 131 ಟ್ಯುನೀಷಿಯಾದಲ್ಲೇ 1943ರ ಏಪ್ರಿಲ್‌ನಲ್ಲಿ ಸೆರೆಸಿಕ್ಕ ಟ್ಯಾಂಕು. ಅದನ್ನು ಓಡುವ ಸ್ಥಿತಿಗೆ ತಂದು ಹೊಸದಾಗಿ ಬಣ್ಣ ಬಳಿದಿದ್ದಾರೆ, ಹಾಗಾಗಿ ಆಕಾರಕ್ಕೆ ಇಂದಿನ ಫೋಟೊ ನೋಡಿ, ಮೇಲೆ ಹೇರಿದ್ದ ಸಾಮಾನು, ಗುರುತುಗಳಿಗೆ ಸೆರೆಸಿಕ್ಕ ಹೊತ್ತಿನ ಫೋಟೊ ನೋಡಿ.

ಆ ಟ್ಯಾಂಕ್ 504ನೇ ಹೆವಿ ಬೆಟಾಲಿಯನ್‌ನದು. ಟ್ಯುನೀಷಿಯಾದಲ್ಲಿ 501ನೆಯದೂ ಇತ್ತು, ಎರಡರ ವಿವರಗಳನ್ನು ಬೆರೆಸಬೇಡಿ. ನಿಮ್ಮ ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಗುರುತುಗಳ) ಹಾಳೆಯಲ್ಲಿ ಯಾವ ನಂಬರು ಇದೆ ಅಂತ ಮೊದಲು ನೋಡಿ, ಅದು ಯಾವ ಬೆಟಾಲಿಯನ್ನಿನದು ಅಂತ ಪತ್ತೆಮಾಡಿ. ಆ ಟ್ಯಾಂಕಿನ ಒಂದು ಬದಿಯ ಫೋಟೊ ಮಾತ್ರ ಸಿಕ್ಕರೆ, ಇನ್ನೊಂದು ಬದಿಗೆ ಅದೇ ಬೆಟಾಲಿಯನ್‌ನ, ಅದೇ ತಿಂಗಳುಗಳಲ್ಲಿ ತಯಾರಾದ ಟ್ಯಾಂಕನ್ನೇ ನೋಡಿಕೊಂಡು ಮಾಡಿ.