ಕಂಪಾರಿ ಯಾಕೆ ಕಷಾಯದ ಹಾಗಿದೆ, ಅದರಲ್ಲಿ ಏನೇನು ಹಾಕುತ್ತಾರೆ?

ಯಾರೋ ಕಂಪಾರಿ ಅನ್ನುವ ಇಟಲಿಯ ಕೆಂಪು ಕಹಿ ಮದ್ಯದ ಬಾಟಲಿ ತಂದುಕೊಟ್ಟರು, ಒಂದು ಗುಟುಕಿಗೇ ಕೆಮ್ಮಿನ ಔಷಧಿ ನೆನಪಾಯಿತು, ಇದರಲ್ಲಿ ಏನಿದೆ, ಅಪೆರೋಲ್ ಅನ್ನುವ ಇನ್ನೊಂದು ಇಟಲಿ ಪಾನೀಯ ಇದಕ್ಕಿಂತ ಬೇರೆಯಾ, ಕೆಂಪು ಬಣ್ಣ ಹುಳದ್ದು ಅಂತಾರಲ್ಲ ನಿಜವಾ ಅಂತ ಕೇಳಿದ್ದೀರಿ. ಸುಮ್ನೆ ಹಾಗೇ ಕುಡಿದಿರಿ ಅಲ್ವಾ, ಐಸೂ ಇಲ್ಲ, ಸೋಡಾನೂ ಇಲ್ಲ? ನಾನೂ ಅದೇ ಮಾಡಿದ್ದೆ. ಓದಲು ಇಟಲಿಯ ಪಾದೊವಾಕ್ಕೆ ಹೋದ ಹೊಸತು. ಬಣ್ಣ ನೋಡಿ ರೂಹ್ ಅಫ್ಜಾ ಥರ ಇರುತ್ತದೆ ಅಂದುಕೊಂಡು ಅರ್ಧ ಲೋಟ ಬಗ್ಗಿಸಿಕೊಂಡೆ. ಮೊದಲು ಸಿಹಿ ಬಂತು, ಪರವಾಗಿಲ್ಲ ಅನ್ನುವಷ್ಟರಲ್ಲಿ ಗಂಟಲ ಹತ್ತಿರ ಕಹಿ ಹಿಡಿದುಕೊಂಡಿತು, ಊಟ ಮುಗಿದರೂ ಬಿಡಲಿಲ್ಲ.

ನಿಮಗೆ ಔಷಧಿ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಅದು ಕಷಾಯವೇ. ಬೇರು, ತೊಗಟೆ, ಸಿಪ್ಪೆ, ಎಲೆಗಳನ್ನು ನಾವು ನೀರಲ್ಲಿ ಕುದಿಸುತ್ತೇವೆ, ಅವರು ನೀರು ಬೆರೆಸಿದ ಆಲ್ಕೋಹಾಲ್‌ನಲ್ಲಿ ನೆನೆಹಾಕಿ ಸಾರ ಇಳಿಸುತ್ತಾರೆ, ಆಮೇಲೆ ಸಕ್ಕರೆ ಪಾಕ, ಕೊನೆಗೆ ಬಣ್ಣ. ಸಕ್ಕರೆ ಏನು ಸ್ವಲ್ಪ ಅಲ್ಲ. ಯುರೋಪಿನಲ್ಲಿ ಲಿಕ್ಯೂರ್, ಅಂದರೆ ಸಿಹಿ ಮದ್ಯ, ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆ ಇರಬೇಕು.

ಕಂಪಾರಿಯ ಪೂರ್ತಿ ಪಟ್ಟಿ ಯಾರಿಗೂ ಗೊತ್ತಿಲ್ಲ, ಕಂಪನಿ ಹೇಳುವುದೂ ಇಲ್ಲ. ಗಸ್ಪಾರೆ ಕಂಪಾರಿ ಎಂಬಾತ 1860ರಲ್ಲಿ ನೊವಾರಾ ಊರಿನಲ್ಲಿ ಶುರು ಮಾಡಿದ್ದು, ಅವತ್ತಿನಿಂದ ಗುಟ್ಟು. ನೀರು, ಆಲ್ಕೋಹಾಲ್, ಗಿಡಮೂಲಿಕೆ, ಹಣ್ಣು, ಅಷ್ಟೇ ಬಾಯಿಬಿಡುವುದು. ಆದರೆ ಈ ಜಾತಿಯ ಪಾನೀಯಗಳಲ್ಲಿ ಮತ್ತೆ ಮತ್ತೆ ಬರುವ ಸಾಮಾನು ಯಾವುದು ಅಂತ ಹೇಳಬಹುದು. ಅಪೆರೋಲ್‌ನವರು ಕೆಲವನ್ನು ಮುಚ್ಚಿಡುವುದೂ ಇಲ್ಲ: ಕಹಿ ಕಿತ್ತಳೆ, ಜೆನ್ಷಿಯನ್ ಬೇರು, ರುಬಾರ್ಬ್ ಅನ್ನುವ ಗಿಡ, ಸಿಂಕೋನಾ ಮರದ ತೊಗಟೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಜೆನ್ಷಿಯನ್. ಆಲ್ಪ್ಸ್ ಬೆಟ್ಟದ ಹುಲ್ಲುಗಾವಲಲ್ಲಿ ಹಳದಿ ಹೂ ಬಿಡುವ ಗಿಡ, ಬೇಕಾಗಿರುವುದು ಬೇರು. ಅದರಲ್ಲಿರುವ ಅಮರೊಜೆಂಟಿನ್ ಅನ್ನುವ ವಸ್ತು ಎಷ್ಟು ಕಹಿ ಅಂದರೆ ಒಂದು ಪಾಲಿಗೆ 5.8 ಕೋಟಿ ಪಾಲು ನೀರು ಬೆರೆಸಿದರೂ ನಾಲಿಗೆಗೆ ಗೊತ್ತಾಗುತ್ತದಂತೆ. ಪಾದೊವಾದ ಒಂದು ಗಿಡಮೂಲಿಕೆ ಅಂಗಡಿಯಲ್ಲಿ ಒಣಗಿದ ಬೇರಿನ ಚೂರು ಕೊಂಡು ತಂದು ಬಿಸಿನೀರಲ್ಲಿ ಹಾಕಿಟ್ಟೆ. ಒಂದು ಚಮಚ ಬಾಯಿಗೆ ಬಿಟ್ಟಿದ್ದೇ ತಡ, ನಮ್ಮಜ್ಜಿ ಎದುರಿಗೆ ಬಂದು ನಿಂತ ಹಾಗಾಯಿತು. ಚಿಕ್ಕವನಿದ್ದಾಗ ಜ್ವರ ಬಂದರೆ ಕಿರಾತಕಡ್ಡಿ ನೆನೆಸಿದ ನೀರು ಕುಡಿಸಿ, ಅಳುವ ಮೊದಲೇ ಬೆಲ್ಲದ ಚೂರು ಬಾಯಿಗೆ ತುರುಕುತ್ತಿದ್ದರು. ಅದೇ ಕಹಿ, ಸ್ವಲ್ಪವೂ ಬೇರೆ ಅಲ್ಲ! ಆಮೇಲೆ ಓದಿ ನೋಡಿದರೆ ಎರಡೂ ಒಂದೇ ಕುಟುಂಬದ ಗಿಡಗಳು, ಎರಡರಲ್ಲೂ ಅಮರೊಜೆಂಟಿನ್ ಇದೆ. ಬಾಟಲಿಯಲ್ಲಿ ಬೆಲ್ಲದ ಕೆಲಸವನ್ನು ಸಕ್ಕರೆ ಪಾಕ ಮಾಡುತ್ತದೆ.

ಕಹಿ ಅಂದರೆ ಒಂದೇ ಥರ ಅಲ್ಲ, ಇದು ಗೊತ್ತಾದ ಮೇಲೆಯೇ ನನಗೆ ಇವೆಲ್ಲ ರುಚಿಸಲು ಶುರುವಾಗಿದ್ದು. ಜೆನ್ಷಿಯನ್ ಕಹಿ ನಿಧಾನಕ್ಕೆ ಬಂದು ಗಂಟಲಲ್ಲಿ ಕೂರುತ್ತದೆ. ಸಿಂಕೋನಾದ್ದು ಟಾನಿಕ್ ವಾಟರ್‌ನಲ್ಲಿರುವ ಕ್ವಿನೈನ್ ಕಹಿ, ಬಾಯಿ ಒಣಗಿಸುತ್ತದೆ. ಕಿತ್ತಳೆ ಸಿಪ್ಪೆಯದು ನಾಲಿಗೆಗಿಂತ ಮೂಗಿಗೆ ಜಾಸ್ತಿ, ಹೇರಳೆಕಾಯಿ ಸಿಪ್ಪೆಯನ್ನು ಉಗುರಲ್ಲಿ ಗೀರಿದರೆ ಎಣ್ಣೆ ಚಿಮ್ಮುತ್ತದಲ್ಲ, ಆ ಘಾಟು. ರುಬಾರ್ಬ್ ಬೇರಿಗೆ ಮಣ್ಣಿನ ವಾಸನೆ, ಸ್ವಲ್ಪ ಹೊಗೆ ಹಿಡಿದ ಹಾಗೆ. ಇನ್ನು ವರ್ಮುತ್ ಅನ್ನುವ ಮೂಲಿಕೆ ವೈನ್‌ಗೆ ಹಾಕುವ ವರ್ಮ್‌ವುಡ್ ನಮ್ಮ ದವನದ ದಾಯಾದಿ. ದವನದ ಕುಡಿ ಜಗಿದು ನೋಡಿದವರಿಗೆ ಹೇಳಬೇಕಾಗಿಲ್ಲ.

ಅಪೆರೋಲ್ ಬೇರೆಯಾ ಅಂದಿರಿ. ಮನೆತನ ಒಂದೇ, ಸ್ವಭಾವ ಬೇರೆ. ಕಂಪಾರಿ ಇಟಲಿಯಲ್ಲಿ ಶೇಕಡಾ 25 ಆಲ್ಕೋಹಾಲ್, ಅಪೆರೋಲ್ ಬರೀ 11. ಕಾನೂನಿನ ಪ್ರಕಾರ ಲಿಕ್ಯೂರ್‌ಗೆ ಕನಿಷ್ಠ 15 ಬೇಕು, ಹಾಗಾಗಿ ಲೆಕ್ಕಕ್ಕೆ ನೋಡಿದರೆ ಅಪೆರೋಲ್ ಲಿಕ್ಯೂರೇ ಅಲ್ಲ. 1919ರಲ್ಲಿ ಪಾದೊವಾದಲ್ಲೇ ಬಾರ್ಬಿಯೇರಿ ಸಹೋದರರು ಬಿಟ್ಟಿದ್ದು, 2003ರಲ್ಲಿ ಕಂಪಾರಿ ಕಂಪನಿ ಕೊಂಡಿತು. ಸಿಹಿ, ಕಿತ್ತಳೆ, ಕಹಿ ಹೆಸರಿಗೆ ಮಾತ್ರ. ನನ್ನನ್ನು ಕೇಳಿದರೆ ಮಕ್ಕಳ ಸಿರಪ್ಪು, ಆದರೆ ಅಭ್ಯಾಸಕ್ಕೆ ಒಳ್ಳೆಯದು. ಎರಡರ ನಡುವೆ ನಿಲ್ಲುವುದು ವೆನಿಸ್‌ನ ಸೆಲೆಕ್ಟ್, 17.5. ಚಿನಾರ್ ಅಂತ ಇನ್ನೊಂದಿದೆ, ಕಂದು ಬಣ್ಣ, ಬಾಟಲಿ ಮೇಲೆ ಆರ್ಟಿಚೋಕ್ ಅನ್ನುವ ತರಕಾರಿಯ ಚಿತ್ರ, ಒಳಗೂ ಅದರ ಎಲೆ. ತರಕಾರಿ ಹೆಂಡ ಅಂತ ನಗಬೇಡಿ, ಚೆನ್ನಾಗಿದೆ.

ಹುಳದ ವಿಷಯ ನಿಜ. ಕಳ್ಳಿ ಗಿಡದ ಮೇಲೆ ಬದುಕುವ ಕೊಚಿನೀಲ್ ಹುಳ ಒಣಗಿಸಿ ತೆಗೆದ ಕಾರ್ಮೈನ್ ಬಣ್ಣವನ್ನೇ ಕಂಪಾರಿಗೆ ಹಾಕುತ್ತಿದ್ದರು, 2006ರಲ್ಲಿ ಬಹಳ ಕಡೆ ಕೃತಕ ಬಣ್ಣಕ್ಕೆ ಬದಲಾಯಿಸಿದರು. ಕೆಲವು ಸಣ್ಣ ತಯಾರಕರು ಈಗಲೂ ಹುಳದ್ದನ್ನೇ ಬಳಸುತ್ತಾರೆ. ನೀವು ಸಸ್ಯಾಹಾರಿಯಾದರೆ ಲೇಬಲ್ ಮೇಲೆ ಇ120 ಇದೆಯಾ ನೋಡಿ, ಇದ್ದರೆ ಅದು ಹುಳ.

ಕುಡಿಯುವ ರೀತಿ ಮುಖ್ಯ. ಇಂಥ ಪಾನೀಯಕ್ಕೆ ಇಟಲಿಯಲ್ಲಿ ಅಪೆರಿಟಿವೊ ಅನ್ನುತ್ತಾರೆ, ಅಂದರೆ ಊಟಕ್ಕೆ ಮುಂಚೆ ಹೊಟ್ಟೆ ತೆರೆಯುವಂಥದ್ದು. ಕಹಿ ತಾಗಿದರೆ ಬಾಯಲ್ಲಿ ನೀರೂರುತ್ತದೆ, ಹಸಿವು ಏಳುತ್ತದೆ. ಹಾಗಾಗಿ ಜೊತೆಗೆ ಉಪ್ಪಿನದೇನಾದರೂ ಇರಲೇಬೇಕು. ಪಾದೊವಾದ ಪಿಯಾತ್ಸಾ ದೆಲ್ಲೆ ಎರ್ಬೆ ಚೌಕದಲ್ಲಿ ಸಂಜೆ ಆರಕ್ಕೆ ಹೋದರೆ ಮೇಜು ಮೇಜಿನ ಮೇಲೂ ಕಿತ್ತಳೆ ಲೋಟ, ಪಕ್ಕದಲ್ಲಿ ಚಿಪ್ಸ್, ಲೋಟದೊಳಗೆ ಕಡ್ಡಿಗೆ ಚುಚ್ಚಿದ ಹಸಿರು ಆಲಿವ್. ಕೊನೆಗೆ ಆ ಆಲಿವ್ ತಿಂದರೆ ಉಪ್ಪು, ಕಹಿ, ಸಿಹಿ ಎಲ್ಲ ಒಟ್ಟಿಗೆ. ಆ ಕಿತ್ತಳೆ ಲೋಟದಲ್ಲಿರುವುದೇ ಸ್ಪ್ರಿಟ್ಜ್, ಆ ಹೆಸರು ಆ ಕಡೆ ಆಸ್ಟ್ರಿಯಾದವರ ಆಳ್ವಿಕೆ ಇದ್ದ ಕಾಲದ್ದು, ವೈನ್‌ಗೆ ನೀರು ಚಿಮುಕಿಸಿ ಕುಡಿಯುತ್ತಿದ್ದರು ಅಂತ. ಈಗಿನ ಅಳತೆ ಮೂರು ಪಾಲು ಪ್ರೊಸೆಕ್ಕೊ ಅನ್ನುವ ನೊರೆ ಬರುವ ಬಿಳಿ ವೈನ್, ಎರಡು ಅಪೆರೋಲ್, ಒಂದು ಸೋಡಾ.

ನಿಮ್ಮ ಬಾಟಲಿಗೆ ಇಷ್ಟೆಲ್ಲ ಬೇಡ. ಲೋಟದ ತುಂಬ ಐಸ್, 40 ಎಂಎಲ್ ಕಂಪಾರಿ, ಮೂರು ಪಟ್ಟು ತಣ್ಣನೆ ಸೋಡಾ, ಒಂದು ಕಿತ್ತಳೆ ಹೋಳು, ಪಕ್ಕಕ್ಕೆ ಉಪ್ಪು ಕಡಲೆಬೀಜ. ಅದು ಹಿಡಿಸಿದರೆ ಜಿನ್, ಕೆಂಪು ವರ್ಮುತ್, ಕಂಪಾರಿ ಸಮಸಮ ಹಾಕಿ ನೆಗ್ರೋನಿ ಅನ್ನುವ ಕಾಕ್‌ಟೇಲ್ ಮಾಡಿ. ಇದು ತಲೆಗೇರುತ್ತದೆ, ಒಂದಕ್ಕೇ ನಿಲ್ಲಿಸಿ. ಕಂಪಾರಿ ಬಾಟಲಿ ತೆರೆದಿಟ್ಟರೂ ತಿಂಗಳುಗಟ್ಟಲೆ ಕೆಡುವುದಿಲ್ಲ, ಆತುರ ಬೇಡ. ವರ್ಮುತ್ ಮಾತ್ರ ವೈನ್, ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಒಂದೆರಡು ತಿಂಗಳಲ್ಲಿ ಮುಗಿಸಿ.