ರ್ಯಾಂಕ್ ಫೈಲಿನ ಕೆಳಗಿಟ್ಟ ಪುಸ್ತಕ

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಮನೆ ಬದಿಯಡ್ಕದ ಹತ್ತಿರ. ಬಿ.ಕಾಂ. ಆದ ಮೇಲೆ ಎರಡು ವರ್ಷದಿಂದ ಕಾಸರಗೋಡಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಹೋದ ವರ್ಷ ಒಂದು ದೇವಸ್ಥಾನದ ಆಮಂತ್ರಣ ಪತ್ರಿಕೆಯಲ್ಲಿ 'ಬ್ರಹ್ಮಕಲಶೋತ್ಸವ' ಎಂಬ ಪದದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು. ಸರಿ ಮಾಡುತ್ತ ಕೂತು ಕೊನೆಯ ಬಸ್ಸು ತಪ್ಪಿತು. ಅವತ್ತು ಹಿಡಿದ ಅಕ್ಷರದ ಹುಚ್ಚು ಇನ್ನೂ ಬಿಟ್ಟಿಲ್ಲ. ರಾತ್ರಿಯೆಲ್ಲ ಒಂದು ಪುಸ್ತಕದಲ್ಲಿ ಅಕ್ಷರಗಳ ರೂಪ ಬರೆದು ತಿದ್ದುತ್ತೇನೆ. ಅಪ್ಪನಿಗೆ ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ ಅಂತ ಹೇಳಿದ್ದೇನೆ. ಅವರು ಬಂದರೆ ಆ ಪುಸ್ತಕ ರ್ಯಾಂಕ್ ಫೈಲಿನ (ಪಿಎಸ್‌ಸಿ ಗೈಡಿನ) ಕೆಳಗೆ ಹೋಗುತ್ತದೆ. ಭಾವ 'ಅಕ್ಷರ ಬರೆದರೆ ಹೊಟ್ಟೆ ತುಂಬುತ್ತದಾ' ಅನ್ನುತ್ತಾರೆ. ನನಗೆ ಚಿತ್ರ ಬಿಡಿಸಲೂ ಅಷ್ಟಾಗಿ ಬರುವುದಿಲ್ಲ. ಇದರಲ್ಲಿ ಬದುಕು ಕಟ್ಟಬಹುದಾ?

ಉತ್ತರ: ತಂಗೀ, ನಿಮ್ಮ ಪತ್ರ ಓದುವಾಗ ಅಜ್ಜನ ಜೊತೆ ಪ್ರೆಸ್ಸಿಗೆ ಹೋಗುತ್ತಿದ್ದ ದಿನಗಳು ನೆನಪಾದವು. ಅಲ್ಲೊಬ್ಬರು ಸೀಸದ ಮೊಳೆ ಜೋಡಿಸುತ್ತಿದ್ದರು. ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ಅವರು ಅದನ್ನು ಸಲೀಸಾಗಿ ಓದುತ್ತಿದ್ದರು. ಒಂದು ಒತ್ತು ಸವೆದಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಬಸ್ಸು ತಪ್ಪಿಸಿಕೊಂಡು ಒತ್ತು ಸರಿ ಮಾಡಿದ ನಿಮ್ಮದೂ ಅದೇ ಕಣ್ಣು. ಆ ಪದದಲ್ಲಿ ಬ್ರ, ಹ್ಮ, ತ್ಸ ಅಂತ ಮೂರು ಒತ್ತು ಇವೆ. ಹೆಚ್ಚಿನವರು ಸಾಲನ್ನು ಸ್ವಲ್ಪ ಕೆಳಗೆ ತಳ್ಳಿ ಮನೆಗೆ ಹೋಗುತ್ತಿದ್ದರು.

ಚಿತ್ರ ಬರುವುದಿಲ್ಲ ಎಂಬ ಚಿಂತೆಯನ್ನು ಬಿಟ್ಟುಬಿಡಿ. ಮಲಯಾಳದ 'ಮಂಜರಿ' ಫಾಂಟ್ (ಕಂಪ್ಯೂಟರಿನ ಅಕ್ಷರ ಶೈಲಿ) 2016ರಲ್ಲಿ ಬಂತು. ಅದನ್ನು ಮಾಡಿದ ಸಂತೋಷ್ ತೋಟ್ಟಿಂಗಲ್ ಸಾಫ್ಟ್‌ವೇರ್ ಎಂಜಿನಿಯರ್. ಈ ಕೆಲಸಕ್ಕೆ ಬೇಕಾದ್ದು ತಾಳ್ಮೆ, ಮತ್ತೆ ಒಂದೇ ಗೆರೆಯನ್ನು ನೂರು ಸಲ ತಿದ್ದುವ ಮನಸ್ಸು. ಕನ್ನಡದಲ್ಲಿ 34 ವ್ಯಂಜನ. ಒಂದೊಂದಕ್ಕೂ ಒಂದು ಒತ್ತು. ಗುಡಿಸು ಕೊಟ್ಟರೆ ತಲೆಕಟ್ಟು ಹೋಗಿ ಬೇರೆಯೇ ರೂಪ. ಹೀಗೆ ಒಂದು ಫಾಂಟಿಗೆ ನೂರಾರು ಆಕಾರ ಬೇಕಾಗುತ್ತವೆ. ಎಲ್ಲವೂ ಒಂದೇ ಮನೆಯವರ ಹಾಗೆ ಕಾಣಬೇಕು. ಇದು ತಿಂಗಳುಗಟ್ಟಲೆ ಹಿಡಿಯುತ್ತದೆ.

ಇನ್ನು ಹೊಟ್ಟೆಯ ಮಾತು. ಭಾವ ಕೇಳಿದ್ದರಲ್ಲಿ ತಪ್ಪಿಲ್ಲ. ಕನ್ನಡ ಫಾಂಟ್ ಮಾಡಿ, ಅದನ್ನು ಮಾರಿ ಬದುಕುತ್ತೇನೆ ಅಂತ ಹೊರಟರೆ ಕಷ್ಟ. ಪುಕ್ಕಟೆ ಸಿಗುವ ಒಳ್ಳೆಯ ಫಾಂಟುಗಳೇ ಬೇಕಾದಷ್ಟಿವೆ. ಆದರೆ ಪುಕ್ಕಟೆ ಅನ್ನುವುದು ಬಳಸುವವರಿಗೆ ಮಾತ್ರ. ನಾನಾ ಲಿಪಿಗಳ ನೋಟೊ ಎಂಬ ಪುಕ್ಕಟೆ ಫಾಂಟುಗಳನ್ನು ಗೂಗಲ್ ಹಣ ಕೊಟ್ಟು ಮಾಡಿಸಿತು. ಈ ಕ್ಷೇತ್ರದಲ್ಲಿ ಸಂಬಳ ಹುಟ್ಟುವುದು ಜಾಸ್ತಿ ಹೀಗೆಯೇ. ಮಾಡಿಸುವವರು ಹೆಚ್ಚಾಗಿ ಕನ್ನಡ ಒಂದನ್ನೇ ಕೇಳುವುದಿಲ್ಲ. ಕನ್ನಡ, ಮಲಯಾಳ, ತಮಿಳು, ತೆಲುಗು ಎಲ್ಲ ಒಟ್ಟಿಗೆ, ಒಂದೇ ಗುಣದಲ್ಲಿ ಬೇಕು ಅನ್ನುತ್ತಾರೆ. ಮುಂಬೈಯ ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯವರ 'ಬಾಲೂ' ಫಾಂಟ್ ನೋಡಿ. ಅದರ ಕನ್ನಡ ರೂಪದ ಹೆಸರು ಬಾಲೂ ತಮ್ಮ, ಮಲಯಾಳ ರೂಪದ್ದು ಬಾಲೂ ಚೇಟ್ಟನ್. ತಮ್ಮನೂ ಅಣ್ಣನೂ!

ನಿಮ್ಮ ಅಪ್ಪ ಪಿಎಸ್‌ಸಿ ಅಂತ ಯಾಕೆ ಹೇಳುತ್ತಾರೆ? ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಅಂತಲೇ ಅಲ್ಲಿ ಕೆಲವು ಹುದ್ದೆಗಳಿವೆ. ಗಡಿಯಲ್ಲಿ ಹುಟ್ಟಿದ ಮಗಳಿಗೆ ಆ ಎರಡು ಭಾಷೆಯೇ ಆಸ್ತಿ ಅಂತ ಅವರು ನಂಬಿದ್ದಾರೆ. ಅವರ ನಂಬಿಕೆ ಸರಿ. ಅಕ್ಷರದ ಕೆಲಸದಲ್ಲೂ ನಿಮ್ಮ ಆಸ್ತಿ ಅದೇ. ನಮ್ಮ ಊರಿನ ಬೋರ್ಡುಗಳನ್ನು ನೋಡಿ. ಮಲಯಾಳ ಅಡ್ಡಕ್ಕೆ ಹರಡುತ್ತದೆ, ಕನ್ನಡ ಒತ್ತು ಹಿಡಿದು ಕೆಳಕ್ಕೆ ಇಳಿಯುತ್ತದೆ. ಒಂದಕ್ಕೆ ತಲೆಕಟ್ಟು ಇದೆ, ಇನ್ನೊಂದಕ್ಕಿಲ್ಲ. ಒಂದೇ ಅಳತೆ ಕೊಟ್ಟರೆ ಎರಡೂ ಸಮ ಕಾಣುವುದಿಲ್ಲ. ಇದನ್ನು ಹುಟ್ಟಿದಾಗಿನಿಂದ ನೋಡಿದವರು ಎಷ್ಟು ಮಂದಿ ಇದ್ದಾರೆ? ಬೆಂಗಳೂರಿನಲ್ಲಿ ಕೂತವರು ಪುಸ್ತಕ ನೋಡಿ ಕಲಿಯಬೇಕಾದ್ದನ್ನು ನೀವು ಶಾಲೆಗೆ ಹೋಗುವ ಬಸ್ಸಿನ ಹಣೆಯ ಮೇಲೆ ಓದಿದ್ದೀರಿ.

ಇದು ಈ ಕರಾವಳಿಗೆ ಹೊಸತೂ ಅಲ್ಲ. ಜರ್ಮನ್ ಮಿಷನರಿ ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲೇ. ಎರಡೂ ಲಿಪಿಯ ಮೊಳೆಗಳು ಒಂದೇ ಪ್ರೆಸ್ಸಿನಲ್ಲಿದ್ದವು. ಈಗ ತುಳು ಲಿಪಿಯೂ ಸೇರಿಕೊಂಡಿದೆ. ಕಂಪ್ಯೂಟರಿನಲ್ಲಿ ಪ್ರತಿ ಲಿಪಿಯ ಅಕ್ಷರಕ್ಕೂ ಸಂಕೇತ ಕೊಡುವ ಯುನಿಕೋಡ್‌ನ 16ನೇ ಆವೃತ್ತಿ 2024ರ ಸೆಪ್ಟೆಂಬರಿನಲ್ಲಿ ಬಂತು, ಅದರಲ್ಲಿ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಈ ಲಿಪಿಗೆ ಜಾಗ ಸಿಕ್ಕಿತು. ಅದನ್ನು ಸೇರಿಸುವ ಪ್ರಸ್ತಾವ ಬರೆದವರಲ್ಲಿ ಅಕ್ಷರ ವಿನ್ಯಾಸಕಿ ವೈಷ್ಣವಿ ಮೂರ್ತಿ ಒಬ್ಬರು.

ಹಾಗಂತ ನಾಳೆಯೇ ಪ್ರೆಸ್ಸಿನ ಕೆಲಸ ಬಿಡಬೇಡಿ. ಸಂಬಳ ಬರುತ್ತಿದೆ, ದಿನವೂ ಎರಡು ಲಿಪಿ ಕೈಗೆ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಶಾಲೆ ಸದ್ಯಕ್ಕೆ ಇಲ್ಲ. ಫಾಂಟ್ ಮಾಡುವ ಫಾಂಟ್‌ಫೋರ್ಜ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಪ್ರೆಸ್ಸಿನ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮೊದಲು ಪೂರ್ತಿ ಫಾಂಟಿಗೆ ಕೈ ಹಾಕಬೇಡಿ. 'ಬದಿಯಡ್ಕ' ಅಂತ ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಎರಡೂ ಒಂದೇ ಕೈಯಿಂದ ಬಂದ ಹಾಗೆ ಕಾಣುವವರೆಗೆ ತಿದ್ದಿ. ಅಂಥ ಹತ್ತು ಪದ ಆದರೆ ನಿಮ್ಮ ಹತ್ತಿರ ತೋರಿಸಲು ಏನೋ ಇದೆ ಅಂತ ಆಯಿತು. ತೆಂಗಿನೆಣ್ಣೆಯ ಲೇಬಲ್ಲು, ಸೊಸೈಟಿಯ ಬೋರ್ಡು, ಯಕ್ಷಗಾನದ ಕರಪತ್ರ, ಇವೆಲ್ಲ ಹತ್ತಿರದಲ್ಲೇ ಸಿಗುವ ಕೆಲಸಗಳು. ದುಡ್ಡು ಕೇಳಿಯೇ ಮಾಡಿ.

ಮುಂದೆ ಓದಬೇಕು ಅನಿಸಿದರೆ ಮುಂಬೈ ಐಐಟಿಯ ವಿನ್ಯಾಸ ಶಾಲೆ ಐಡಿಸಿ ಇದೆ. ಅದಕ್ಕೆ ಸೀಡ್ (CEED) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಗೆ ಮೂರು ವರ್ಷದ ಯಾವ ಡಿಗ್ರಿಯಾದರೂ ಆಗುತ್ತದೆ, ನಿಮ್ಮ ಬಿ.ಕಾಂ. ಕೂಡ. ವಯಸ್ಸಿನ ಮಿತಿ ಇಲ್ಲ. ಹಾಗಾಗಿ ಈ ವರ್ಷವೇ ಆಗಬೇಕು ಅಂತ ಒದ್ದಾಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ನೋವಾದದ್ದು ಒಂದೇ ಕಡೆ, ಆ ಪುಸ್ತಕ ಕೆಳಗೆ ಹೋಗುವ ಜಾಗದಲ್ಲಿ. ಮಗಳು ಓದುತ್ತಿದ್ದಾಳೆ ಅಂತ ಅಪ್ಪ ಹೊರಗೆ ಸದ್ದು ಮಾಡದೆ ಓಡಾಡುತ್ತಿರಬಹುದು, ಅಲ್ವಾ? ಅವರಿಗೆ ನಿಜ ಹೇಳಿ. ಭಾವನ ಎದುರು ಬೇಡ, ಅವರೊಬ್ಬರೇ ಇರುವಾಗ. ಮಾತಿಗಿಂತ ಮೊದಲು ಆ ಆಮಂತ್ರಣ ಪತ್ರಿಕೆಯನ್ನು ಕೈಗೆ ಕೊಡಿ. ಮೊದಲು ಹೇಗಿತ್ತು, ನೀವು ಏನು ಮಾಡಿದಿರಿ, ತೋರಿಸಿ. ಪಿಎಸ್‌ಸಿಗೆ ಅರ್ಜಿ ಹಾಕಿದ್ದರೆ ಪರೀಕ್ಷೆ ಬರೆಯುತ್ತೇನೆ ಅನ್ನಿ, ಬರೆಯಿರಿ ಕೂಡ. ಜೊತೆಗೆ ಎರಡು ವರ್ಷ ಕೇಳಿ. ಅವರು ತಕ್ಷಣ ಒಪ್ಪದೆ ಇರಬಹುದು. ಸಿಟ್ಟೂ ಬರಬಹುದು, ಅದು ಸುಳ್ಳು ಹೇಳಿದ್ದಕ್ಕೆ. ಆ ಸಿಟ್ಟಿಗೆ ಎದುರು ಮಾತಾಡಬೇಡಿ.

ಪತ್ರದ ಜೊತೆ ಕಳಿಸಿದ 'ರ' ನೋಡಿದೆ. ಚೆನ್ನಾಗಿದೆ. ಬಲಗಡೆಯ ಬಾಗು ಸ್ವಲ್ಪ ಜಾಸ್ತಿ ದಪ್ಪ ಆಯಿತು, ತಲೆಕಟ್ಟು ಅದರ ಮುಂದೆ ಸೊರಗಿದ ಹಾಗೆ ಕಾಣುತ್ತದೆ. ತಿದ್ದಿ ಇನ್ನೊಮ್ಮೆ ಕಳಿಸಿ. ಅಪ್ಪ ಏನಂದರು ಅಂತಲೂ ಬರೆಯಿರಿ.