ಇಸಿಜಿ ನಾರ್ಮಲ್ ಬಂದರೆ ಸಾಕೇ?

ಪಾಂಡವಪುರದ ನಿಮ್ಮ ಅಪ್ಪಾಜಿಗೆ 54, ಬೀಡಿ ಸೇದ್ತಾರೆ, ಇಸಿಜಿ ನಾರ್ಮಲ್ ಬಂದಿದೆ, ಇನ್ನು ಭಯ ಇಲ್ವಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ನಿರಾಳ ಆಗಬೇಡಿ ಸರ್. ಮಲಗಿಸಿ ತೆಗೆದ ಇಸಿಜಿ ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ತಿದ್ರೂ ನಾರ್ಮಲ್ ಬರಬಹುದು. ವಯಸ್ಸು, ಬಿಪಿ, ಶುಗರ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಬೀಡಿ ಎಲ್ಲವನ್ನೂ ಒಟ್ಟಿಗೆ ನೋಡಿಯೇ ಅಪಾಯ ಅಂದಾಜು ಮಾಡೋದು. ದೊಡ್ಡಪ್ಪನಿಗೆ 50ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು ಅಂದ್ರಲ್ಲ, ಅದನ್ನ ಡಾಕ್ಟರಿಗೆ ಮರೆಯದೆ ಹೇಳಿ.

ಮೊದಲು ಬೀಡಿ ಬಿಡಿಸಿ. ದಿನಕ್ಕೆ ಎರಡೇ ಅಂದ್ರೂ ಒಪ್ಪಬೇಡಿ, ದಯವಿಟ್ಟು. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಮುದ್ದೆ ಜೊತೆಗಿನ ಸಾರೂ ಲೆಕ್ಕಕ್ಕೆ ಬರುತ್ತೆ. ಬಿಪಿ ನೋಡೋ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಿ.

ನಡೆಯುವಾಗ ಎದೆ ಹಿಡಿದು, ಕೂತರೆ ಸರಿಹೋಗ್ತಿದ್ರೆ ಬೇಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತೋರಿಸಿ. ಕೂತರೂ ಬಿಡದಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ.